ಪದರ

ರಾತ್ರಿ ಎರಡೂ ಹತ್ತು. ಹೊಸೂರು ರಸ್ತೆಯ ಲಾರಿಗಳ ಸದ್ದು
ಎಮರ್ಜೆನ್ಸಿಯ ಗಾಜಿಗೆ ತಾಗಿ ಹಿಂದಿರುಗುವ ಹೊತ್ತು.
ಅಂಥೋನಪ್ಪ, ಮೂವತ್ತೆಂಟು, ಪೇಂಟರು, ಲಿಂಗರಾಜಪುರ.
ಬಲಗೈ ಎತ್ತು ಅಂದರೆ ಎಡಗೈಯಿಂದ
ಬಲಗೈಯನ್ನು ಎತ್ತಿ ತೋರಿಸುತ್ತಾನೆ.
ಹೆಸರು ಕೇಳಿದರೆ ಬಾಯಿ ತೆರೆಯುತ್ತದೆ,
ನೀರು ಬಿಡದ ದಿನದ ನಲ್ಲಿಯಂತೆ ಬರೀ ಗಾಳಿ.

ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ಬೀಡಿ?
'ಸೇದಲ್ಲ ಮೇಡಂ, ಚರ್ಚಿನಲ್ಲಿ ಹಾಡ್ತಾರೆ,'
ಅನ್ನುತ್ತಾಳೆ ಫಿಲೋಮಿನಾ, ಹಾಡುವವರಿಗೆ
ರೋಗ ಬರಬಾರದೆಂಬ ಕಾಯ್ದೆ ಇದ್ದ ಹಾಗೆ.
ಇ.ಸಿ.ಜಿ. ನೆಟ್ಟಗಿದೆ. ತಲೆಯ ಸಿ.ಟಿ.ಯಲ್ಲಿ ರಕ್ತವಿಲ್ಲ.
ಡಾಪ್ಲರಿನವನು ಕತ್ತಿಗೆ ಜೆಲ್ಲು ಸವರಿ
ಎರಡೂ ಕಡೆ ನೋಡಿ, 'ಕ್ಲೀನ್' ಎಂದು ಬರೆದು
ಟೀ ಕುಡಿಯಲು ಹೋದ.

ಕಣ್ಣಿಗೆ ಟಾರ್ಚು ಹಿಡಿಯಲು ಬಗ್ಗಿದೆ.
ಟರ್ಪೆಂಟೈನಿನ ಕೆಳಗೆ ಇನ್ನೊಂದು ವಾಸನೆ:
ಮುಲಾಮು. ಎಡಗಿವಿಯ ಹಿಂದೆ, ದವಡೆ ತಿರುಗುವಲ್ಲಿ.
ಎಷ್ಟು ದಿನದಿಂದ?
'ನಾಲ್ಕು. ನಿದ್ದೇಲಿ ಕತ್ತು ಉಳುಕಿದೆ ಅಂತಿದ್ರು.'

ಎಡರೆಪ್ಪೆ ಒಂದು ಕೂದಲಿನಷ್ಟು ಇಳಿದಿದೆ.
ಎಡಪಾಪೆ ಸಾಸಿವೆ, ಬಲಪಾಪೆ ಮೆಣಸು.
ದೀಪ ಆರಿಸಿದರೆ ಮೆಣಸು ಹಿಗ್ಗುತ್ತದೆ,
ಸಾಸಿವೆ ಹಟಮಾರಿ.
ಹುಟ್ಟಿನಿಂದಲೇ ಹೀಗೋ? ಆಧಾರ್ ಕಾರ್ಡು ತೆಗೆಸಿದೆ.
ಆಧಾರಿನಲ್ಲಿ ಯಾರ ಮುಖ ಯಾರಿಗೆ ಗೊತ್ತಾಗುತ್ತದೆ!
ಕೊನೆಗೆ ಫಿಲೋಮಿನಾಳ ಫೋನಿನಲ್ಲಿ ಭಾನುವಾರ ಸಿಕ್ಕಿತು,
ಅಣ್ಣನ ಮಗುವಿನ ಜ್ಞಾನಸ್ನಾನ:
ಎಲ್ಲರೂ ಕೇಕಿನ ಕಡೆ. ಇವನು ಮಾತ್ರ
ಒಂದೇ ಕಣ್ಣಲ್ಲಿ ತೂಕಡಿಸುತ್ತಿದ್ದಾನೆ.
ಬೆರಳು ಜಾರಿಸುತ್ತಾ ಹಿಂದೆ ಹೋದೆ.
ಕ್ರಿಸ್ಮಸ್ಸಿನಲ್ಲಿ ಎರಡೂ ಕಣ್ಣು ಸಮ.

ಈ ವಾರ ಏನು ಕೆಲಸ?
ಬಾಗಿಲಲ್ಲಿ ನಿಂತ ಮುನಿಮಾರಪ್ಪ ಮೇಸ್ತ್ರಿ:
'ಹೆಣ್ಣೂರಲ್ಲಿ ಮೂರು ಫ್ಲ್ಯಾಟಿನ ಸೀಲಿಂಗು.
ಆರು ದಿನ ಕತ್ತು ಮೇಲೇ.'

ಡಾಪ್ಲರಿಗೆ ಎಟುಕದ ಎತ್ತರದಲ್ಲಿ, ಬುರುಡೆಯ ಹೊಸ್ತಿಲ ಕೆಳಗೆ,
ನಾಳ ದೀಪದ ಕುಡಿಯ ಹಾಗೆ ಸಣ್ಣಗಾಗುತ್ತಾ ಹೋಗಿತ್ತು.
ಬೆಳಿಗ್ಗೆ ಎಂ.ಆರ್.ಐ.: ಕೊಬ್ಬಿನ ಹೊಳಪನ್ನೆಲ್ಲ ಆರಿಸಿದ ಮೇಲೆ
ಕಪ್ಪು ಚುಕ್ಕಿಯ ಪಕ್ಕ ಒಂದಿಷ್ಟು ಬಿಳಿ.
ಪುಸ್ತಕದಲ್ಲಿ ಚಂದ್ರನಿಗೆ ಹೋಲಿಸಿದ್ದಾರೆ.
ನನಗೆ ಕತ್ತರಿಸಿ ಬಿದ್ದ ಉಗುರು ಕಂಡಿತು.

ಫಿಲೋಮಿನಾಗೆ ಹೇಳಹೊರಟೆ. ರಕ್ತನಾಳ, ಒಳಪದರ, ಸೀಳು...
ಅರ್ಧಕ್ಕೇ ತಡವರಿಸಿದೆ. ಮೇಸ್ತ್ರಿ ಎತ್ತಿಕೊಂಡ:
'ಗೋಡೆಯೊಳಗೆ ನೀರಿಳಿದು ಪೇಂಟು ಉಬ್ಬಿದೆ ಕಣಮ್ಮ.
ದಾರಿ ಕಿರಿದಾಯ್ತು. ಒಂದು ಚಕ್ಕೆ ಎದ್ದು ಮೇಲಕ್ಕೆ ಹೋಗಿ ಸಿಕ್ಕೊಂಡಿದೆ.'
ಆಮೇಲೆ ನನ್ನ ಕಡೆ ತಿರುಗಿ,
'ಕೆರೆದು, ಪುಟ್ಟಿ ತುಂಬಿ, ಹೊಸದಾಗಿ ಬಳಿಯೋಕಾಗಲ್ವಾ?'
ಕೆರೆಯುವುದಿಲ್ಲ ಮೇಸ್ತ್ರಿ. ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟು
ತಾನೇ ಒಣಗಲಿ ಅಂತ ಬಿಡುತ್ತೇವೆ.
'ಎಷ್ಟು ದಿನ?'
ಮೂರು ತಿಂಗಳು. ಬಹುಶಃ.
'ನಮ್ಮಲ್ಲೂ ಹಾಗೇ ಹೇಳ್ತೀವಿ ಓನರ್‌ಗೆ,' ಅಂದ.

ಆರನೆಯ ದಿನ ವಾರ್ಡಿನಲ್ಲಿ
ಅಂಗಾತ ಮಲಗಿದವನ ಎಡಗೈ ಮೇಲೆದ್ದಿತು.
ತುಟಿ ಎರಡು ಸಲ ಸುಮ್ಮನೆ ಕೂಡಿ ಬಿಚ್ಚಿ, ಮೂರನೆಯ ಸಲ
'ಪುಟ್ಟಿ'.
ಫಿಲೋಮಿನಾ ಅತ್ತೇಬಿಟ್ಟಳು. ಮಗಳನ್ನ ಕರೀತಿದ್ದಾರೆ ಮೇಡಂ,
ಸ್ಕೂಲಿಂದ ಈಗಲೇ ಕರ್ಕೊಂಡು ಬರ್ತೀನಿ, ಎಂದು
ಚಪ್ಪಲಿ ಹುಡುಕುತ್ತಾ ಓಡಿದಳು.
ಮೇಸ್ತ್ರಿ ತಲೆ ಎತ್ತಿ ನೋಡಿದ. ನಾನೂ.
ಮಂಚದ ನೇರಕ್ಕೆ, ಫ್ಯಾನಿನ ಪಕ್ಕ, ನಮ್ಮ ಆಸ್ಪತ್ರೆಯ ಸೀಲಿಂಗು
ತಟ್ಟೆಯಗಲ ಉಬ್ಬಿತ್ತು.

ಇಬ್ಬರೂ ಏನೂ ಹೇಳಲಿಲ್ಲ.
ಕೇಸ್ ಶೀಟಿನಲ್ಲಿ ಬರೆದೆ: ಒಂದು ಪದ, ಸ್ಪಷ್ಟ.