ಕೊನೆಯ ಸಲ ಬಳಸಿದ್ದು

ಕೇಸಿಲ್ಲ, ದಂಡವಿಲ್ಲ, ತಂದಿಟ್ಟು ಹೋಗಿ ಎಂದು
ಆಟೋದ ಮೈಕು ಕಡಕೋಳದ ತನಕ ಕೂಗಿ
ಗಂಟಲು ಕಟ್ಟಿಸಿಕೊಂಡಿತ್ತು. ಇಂದು ಗಡುವು.

ಮೂರೂವರೆಗೆ ಶಿರಹಟ್ಟಿ ಠಾಣೆಗೆ ಬಂದಳು ಫಕ್ಕೀರವ್ವ,
ಕಂಕುಳಲ್ಲಿ ಕೌದಿಯ ಸುರುಳಿ.
ಬಿಚ್ಚಿದರೆ ಹಿಂಬದಿ ಕೊಯ್ದ ಬರೀ ನಳಿಗೆ.
ಹಿಡಿ ಇಲ್ಲ, ಕುದುರೆ ಇಲ್ಲ.
ಒಂದು ತುದಿಗೆ ಮಸಿ,
ಇನ್ನೊಂದು ತುದಿ ತುಟಿ ತಾಗಿ ತಾಗಿ ಹೊಳಪು.

ನಾನು ರೈಟರ್, ಕಾಲಂ ತುಂಬಲೇಬೇಕು.
ಲೈಸೆನ್ಸ್?
"ಮಾವ ಇದ್ದಾಗೂ ಇರಲಿಲ್ರಿ."
ಕೊನೆಯ ಸಲ ಬಳಸಿದ್ದು?
"ಇವತ್ತ ನಸುಕಿನ್ಯಾಗ. ಒಲಿ ಊದೇನಿ, ಚಾಕ್ಕ."

ಸಾಹೇಬರು ನಕ್ಕರು, ಸೆಂಟ್ರಿಯೂ.
ನಗುತ್ತಲೇ ಕೇಳಿದೆ: ಅದಕ್ಕೂ ಮೊದಲು?

ಕಿಟಕಿಯಲ್ಲಿ ಕಪ್ಪತಗುಡ್ಡವಿತ್ತು. ಆಕೆ ಅತ್ತ ನೋಡದೆ
ನನ್ನ ಪೆನ್ನು ನೋಡಿದಳು.
"ಗೋವಿನಜೋಳದಾಗ ಹಂದಿ ಹೊಕ್ಕೈತಂತ ಹೊಡದಿದ್ದ ಮಾವ.
ಹಂದಿ ಅವ್ವಾ ಅಂತ ಒದರತೈತೇನ್ರಿ?"

ಫ್ಯಾನು ತಿರುಗುತ್ತಿತ್ತು.
ಸಾಹೇಬರು ಫೋನು ಎತ್ತಿಕೊಂಡು ಹೊರಗೆ ಹೋದರು,
ಅದು ಸದ್ದು ಮಾಡಿರಲಿಲ್ಲ.
ಕಾಲಂ ಸಣ್ಣದು.
"ಹಂದಿ" ಎಂದು ಬರೆದೆ.

ರಸೀದಿ ಕೊಟ್ಟೆ.
ಓದಲು ಬಾರದ ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ
ಬಾಗಿಲ ತನಕ ಹೋದವಳು ತಿರುಗಿ ಕೇಳಿದಳು:
"ಊದಗೊಳವಿ ಪ್ಯಾಟ್ಯಾಗ ಎಷ್ಟಕ್ಕ ಕೊಡ್ತಾರ್ರಿ ಈಗ?"