ಎರಡನೆಯ ತೊಳೆತ

ತಾರ್ತುವಿನಲ್ಲಿ ನವೆಂಬರ್ ಬಂದರೆ ಮೂರೂವರೆಗೇ ಕತ್ತಲು.
ತಟ್ಟೆಯಲ್ಲಿ ತೊಂಬತ್ತಾರು ಕುಳಿ, ಒಂದೊಂದರಲ್ಲೂ
ಯಾರದೋ ರಕ್ತದ ತಿಳಿ, ಒಂದು ಕಣ್ಣಹನಿಯಷ್ಟೂ ಇಲ್ಲ.
ಮೊದಲು ನೀಲಿ ಏರುತ್ತದೆ. ಆಮ್ಲ ಬಿದ್ದೊಡನೆ
ಹಳದಿಗೆ ತಿರುಗಿ ಅಲ್ಲೇ ನಿಲ್ಲುತ್ತದೆ.
ಯಂತ್ರ ಆ ಹಳದಿಯನ್ನು ಓದಿ ಅಂಕಿ ಉಗುಳುತ್ತದೆ.

ಗೆರೆ ಇರುವುದು ಒಂದು ಪಾಯಿಂಟ್ ಒಂದಕ್ಕೆ.
ಸಾರೆಮಾ ದ್ವೀಪದ ಕಾಲ್ಯೊ, ಎಪ್ಪತ್ತೊಂದು ವರ್ಷ, ಜ್ವರ, ತಲೆಸಿಡಿತ:
ಒಂದು ಪಾಯಿಂಟ್ ಮೂರು.
ಫಾರಮಿನಲ್ಲಿ ‘ಬಹುಶಃ’ಕ್ಕೆ ಜಾಗವಿಲ್ಲ.
ಉಣುಗು ಕಚ್ಚಿ ಬಂದ ಮಿದುಳುಜ್ವರ ಎಂದು ಬರೆದು
ನಾಲ್ಕರ ಬಸ್ಸು ಹಿಡಿಯಬಹುದಿತ್ತು.

ಹೋದ ವರ್ಷ ಹಾಗೇ ಹಿಡಿದಿದ್ದೆ.
ಹೆಲ್ವೆ ಎಂಬಾಕೆ. ಅವಳನ್ನು ಹೊಕ್ಕಿದ್ದು ಬೇರೆಯದೇ ವೈರಸ್ಸು,
ಅದಕ್ಕೆ ಮದ್ದಿತ್ತು. ನಾಲ್ಕು ದಿನ ತಡವಾಯಿತು.
ಈಗ ಮೊಮ್ಮಗನ ಹೆಸರು ನಾಲಿಗೆಗೆ ಬರುವುದಿಲ್ಲವಂತೆ.

ರಕ್ತ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದೊಂದು,
ಅದಕ್ಕೆ ನೆನಪಾದದ್ದೊಂದು.
ಹಳೇ ವೈರಿಯ ದಾಯಾದಿಯ ಮೂಗು ಕಂಡರೂ ಸಾಕು,
ಹೋಗಿ ಕೊರಳಪಟ್ಟಿಗೆ ಕೈ ಹಾಕುತ್ತದೆ.

ದ್ವೀಪಕ್ಕೆ ಫೋನು ಮಾಡಿದೆ. ನರ್ಸು ಹಾಸಿಗೆಯ ಹತ್ತಿರ ಒಯ್ದಳು.
“ಯಾವುದಾದರೂ ಲಸಿಕೆ?”
“ಯಾವಾಗ?”
“ಯಾವಾಗಲಾದರೂ.”
ಉಸಿರು. ಕೆಮ್ಮು. ಆಮೇಲೆ, “ಎಪ್ಪತ್ತೆಂಟರಲ್ಲಿ.
ಮೀನಿನ ಹಡಗು, ಗಿನಿಯ ಕಡಲು. ಹತ್ತುವ ಮೊದಲು
ಸಾಲಾಗಿ ನಿಲ್ಲಿಸಿ ಚುಚ್ಚಿದರು, ಹಳದಿ ಜ್ವರಕ್ಕೆ.
ಕೊನಾಕ್ರಿಯಲ್ಲಿ ನೆಲಕ್ಕೆ ಇಳಿಯಲೂ ಬಿಡಲಿಲ್ಲ, ನೋಡಿ.”

ಕಾಲಿಡದ ಬಂದರನ್ನು
ಇಷ್ಟು ವರ್ಷ ಒಳಗೆ ಕಾದುಕೊಂಡಿದ್ದಾನೆ.

ಮತ್ತೆ ತಟ್ಟೆ ಹಾಕಿದೆ, ಈ ಸಲ ಎರಡು ಸಾಲು.
ಒಂದಕ್ಕೆ ಎಂದಿನ ತೊಳೆತ, ಇನ್ನೊಂದಕ್ಕೆ ಯೂರಿಯಾ.
ಯೂರಿಯಾ ದಾಕ್ಷಿಣ್ಯ ನೋಡುವುದಿಲ್ಲ. ಸಡಿಲವಾಗಿ ಹಿಡಿದವು
ಕೈಬಿಟ್ಟು ಮೋರಿಗೆ ಹೋಗುತ್ತವೆ;
ಗುರುತು ಸಿಕ್ಕಿ ಹಿಡಿದದ್ದು ಬಿಡುವುದಿಲ್ಲ.
“ಉರ್ವೆ, ದೀಪ ಆರಿಸಿ ಹೋಗು” ಎಂದು ತೈವೊ ಹೊರಟ.

ಎಂದಿನ ಸಾಲಿನಲ್ಲಿ ಅದೇ ಹಳದಿ.
ಯೂರಿಯಾ ಸಾಲಿನಲ್ಲಿ ಅವನ ಕುಳಿ ನೀರಿನ ಹಾಗೆ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮಕ್ಕಳಿಗೂ ಗೊತ್ತು;
ಹಳದಿಗೆ ಯಾರೂ ಗಾದೆ ಕಟ್ಟಿಲ್ಲ.

ವೈದ್ಯರಿಗೆ ಹೇಳಿದೆ: ಇದಲ್ಲ, ಬೇರೆ ಹುಡುಕಿ, ಇವತ್ತೇ.
ಏನೆಂದು ನನಗೂ ಗೊತ್ತಿಲ್ಲ.
ಫಾರಮಿನ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದೆ:
‘ಎಂದಾದರೂ, ಎಲ್ಲಿಗಾದರೂ, ಹಡಗು ಹತ್ತಿದ್ದಿರಾ?’
ಸೋಮವಾರ ಅಚ್ಚಿಗೆ ಕೊಡಬೇಕು,
ಮೇಲಿನವರು ಒಪ್ಪಿದರೆ.