ಮೂರನೇ ಮುಖ

ಬೆಳಿಗ್ಗೆ ಗೇಜು ನೂರೊಂದು ತೋರಿಸಿತು.
ಮಂಡ್ಯದಿಂದ ಬಂದಿದ್ದ ದಲ್ಲಾಳಿ ಬೋರಲಿಂಗು
ಅಷ್ಟನ್ನೇ ಕಡ್ಡಿಪೊಟ್ಟಣದ ಮೇಲೆ ಗೀಚಿಕೊಂಡು
ಫೋನು ತೆಗೆದ.
'ಒಳಗಿಡು' ಅಂದರು ಜಬೀವುಲ್ಲಾ ಉಸ್ತಾದರು,
'ಇದು ಒಬ್ಬನ ಅಂಕ. ಒಳಗೆ ಮೂವರವ್ರೆ.'

ಬನ್ನಿಮಂಟಪದ ಈ ತಗಡಿನ ಶೆಡ್ಡಿಗೆ
ಅಂಬಾಸಿಡರ್ ಬಂದಿದೆ, ಮೆಟಡೋರ್ ಬಂದಿದೆ,
ಕಬ್ಬಿನ ಟ್ರ್ಯಾಕ್ಟರೊಂದು ಹಿಮ್ಮುಖವಾಗಿ ಬಂದು
ಗೋಡೆಗೇ ಗುದ್ದಿ ನಿಂತಿದೆ.
ಪಿಸ್ಟನ್ನೇ ಇಲ್ಲದ ಕಾರು ಇದೊಂದೇ.
ನಡು ಸಣ್ಣಗಾದ ಒಂದು ಕೊಪ್ಪರಿಗೆ,
ಅದರೊಳಗೆ ಬದಿ ಉಬ್ಬಿದ ತ್ರಿಕೋನ
ಒರಳಲ್ಲಿ ಗುಂಡು ತಿರುಗಿದ ಹಾಗೆ
ತಿರುಗುತ್ತಲೇ ಓಲಾಡಿ, ಓಲಾಡುತ್ತಲೇ ತಿರುಗಿ
ಮೂರು ಮೂಲೆಯಿಂದಲೂ ಗೋಡೆ ಸವರುತ್ತದೆ.
ಮೂಲೆಗೊಂದು ಪಟ್ಟಿ, ಮಗ್ಗುಲಿಗೊಂದು ಪಟ್ಟಿ,
ಪೊರಕೆಕಡ್ಡಿಯಷ್ಟು ದಪ್ಪ.
ಅದು ಸವೆದರೆ ಗಾಳಿ ಪಕ್ಕದ ಮನೆ ಪಾಲು.

ಗೇಜಿನ ಕುತ್ತಿಗೆಯಲ್ಲಿ ಪುಟ್ಟ ವಾಲ್ವು:
ಹತ್ತಿದ ಒತ್ತಡವನ್ನು ಇಳಿಯಗೊಡದೆ
ಗಟ್ಟಿಗನ ಎತ್ತರ ಎತ್ತಿ ಹಿಡಿದು
ಮಿಕ್ಕಿಬ್ಬರನ್ನು ಅವನ ಬೆನ್ನಿಗೆ ಬಚ್ಚಿಡುತ್ತದೆ.
ಉಸ್ತಾದರು ಕೀಲಿ ತೂರಿಸಿ ತಿರುವಿ ಅದನ್ನು ಕಿತ್ತರು.
ಅಂಗೈಯಲ್ಲಿ ಲವಂಗದಷ್ಟಿತ್ತು.

ತಣ್ಣಗಿನ ಇಂಜಿನ್ನಿನ ಮಾತು ನಂಬಬಾರದು ಅಂತ
ರಿಂಗ್ ರಸ್ತೆಯಲ್ಲಿ ಓಡಿಸಿ ಬಿಸಿ ಮಾಡಿ ತಂದಿದ್ದೆವು.
ಪೆಟ್ರೋಲ್ ಪಂಪಿನ ಫ್ಯೂಸು ನನ್ನ ಜೇಬಿನಲ್ಲಿ.
ಕಿಡಿಯ ವೈರು ಬಿಚ್ಚಿ ಪಕ್ಕಕ್ಕೆ.
ಕಾರಿನ ಬ್ಯಾಟರಿಗೆ ಉಸಿರೇ ಇಲ್ಲ,
ನಿಧಾನ ತಿರುಗಿದರೆ ಗಟ್ಟಿಮುಟ್ಟಾದವನೂ ರೋಗಿ;
ಎದುರಿನ ಟ್ರ್ಯಾಕ್ಟರಿಂದ ಒಂದನ್ನು ತಂದೆವು, ಬಾಡಿಗೆ ನೂರು.
ನನಗೆ ಒಂದೇ ಕೆಲಸ:
ಆಕ್ಸಿಲರೇಟರನ್ನು ನೆಲಕ್ಕೊತ್ತಿ ಹಿಡಿಯುವುದು,
ಗಾಳಿಗೆ ಬಾಗಿಲು ಪೂರಾ ತೆರೆದಿಡುವುದು.

ಹತ್ತು ಸೆಕೆಂಡಿಗೆ ನಲವತ್ತೆರಡು ಹೊಡೆತ ಬೀಳಬೇಕು.
ಮೂವತ್ತೊಂದು.
ಕೇಬಲ್ಲಿನ ಕಿಲುಬು ಉಜ್ಜಿ ಮತ್ತೆ.
ಮೂವತ್ತೆಂಟು.
ಉಸ್ತಾದರು ಟೀ ತರಿಸಿದರು, ಕುಡಿಯಲಿಲ್ಲ.
ನಲವತ್ತೆರಡು.

ಪಕ್ಕದ ಗೂಡಂಗಡಿಯಲ್ಲಿ ಮೃದಂಗಕ್ಕೆ ಕರಣೆ ಹಚ್ಚುತ್ತಿದ್ದ
ಗುರುಮಲ್ಲು ತಲೆ ಎತ್ತಿದ.
'ತಕಿಟ ಅಲ್ಲ ಸ್ವಾಮಿ ಅದು,
ತಕಿ... ತಕಿ...
ಟ ಎಲ್ಲೋ ಉದುರೋಗದೆ.'

ಫೋನಿನಲ್ಲಿ ಹಿಡಿದದ್ದನ್ನು ನಿಧಾನ ಓಡಿಸಿ ನೋಡಿದೆವು.
ಮುಳ್ಳು ಜಿಗಿಯಿತು: ತೊಂಬತ್ತೊಂಬತ್ತು.
ತೊಂಬತ್ತಾರು.
ಎಪ್ಪತ್ತೆರಡು.
ಮತ್ತೆ ತೊಂಬತ್ತೊಂಬತ್ತು.
ಪುಸ್ತಕದ ಅಂಕ ಕಡಲ ದಡದ ಗಾಳಿಯದು,
ಮೈಸೂರಿನ ಗಾಳಿ ತೂಕದಲ್ಲಿ ಒಂದು ಹಿಡಿ ಕಮ್ಮಿ.
ಅದನ್ನು ಕೂಡಿಸಿದರೂ
ಎಪ್ಪತ್ತೆರಡು ಎಪ್ಪತ್ತೆರಡರ ಆಸುಪಾಸೇ.
'ಮೂಲೆ ಹೋಗಿದ್ರೆ ಜೋಡಿ ಬೀಳ್ತಿತ್ತು.
ಒಂಟಿ ಬಿದ್ದದೆ. ಮಗ್ಗುಲ ಪಟ್ಟಿ' ಅಂದರು ಉಸ್ತಾದರು.

ಬೋರಲಿಂಗು ಬಗ್ಗಿ ಪಿಸುಗುಟ್ಟಿದ:
'ಒಂದು ಚಮಚ ಎಣ್ಣೆ ಬಿಡಿ ಪ್ಲಗ್ಗಿನ ತೂತಿಗೆ,
ಮೂರೂ ನೂರು ದಾಟ್ತವೆ.'
'ದಾಟ್ತವೆ. ಆಗ ಎಣ್ಣೆ ಅಳೆದಂಗಾಯ್ತು.'

ಪೇಂಟ್ ಡಬ್ಬದ ಮೇಲೆ ಕೂತಿದ್ದ ಗೌರಮ್ಮಣ್ಣಿಯವರು
ನಜರಬಾದಿನಿಂದ ಆಟೋದಲ್ಲಿ ಬಂದವರು
ಅಲ್ಲಿತನಕ ತುಟಿ ಎರಡು ಮಾಡಿರಲಿಲ್ಲ.
'ನಮ್ಮಣ್ಣಾಜಿ ಸಿಗ್ನಲ್ಲಲ್ಲಿ ನಿಂತಾಗ
ಸ್ಟೀರಿಂಗ್ ಮೇಲೆ ಬೆರಳಾಡಿಸೋನು.
ಒಂದು, ಎರಡು ಹೊಡೆದು
ಮೂರನೇದಕ್ಕೆ ಬೆರಳು ಎತ್ತೇ ಇಟ್ಕೊಳ್ಳೋನು.
ನಾನು ತಾಳ ತಪ್ಪತಾನೆ ಅಂದ್ಕೊಂಡಿದ್ದೆ.'

ಉಸ್ತಾದರು ಕಾರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ
ಮೂರೂ ಅಂಕ ಬರೆದರು,
ಪಕ್ಕದಲ್ಲಿ ನಲವತ್ತೆರಡು, ಬಿಸಿ, ಊರಿನ ಎತ್ತರ.
'ಪೆನ್ನಲ್ಲಿ ಬರೀರಿ' ಅಂದರು ಅಮ್ಮಣ್ಣಿ.
ಹಿಂದಿನ ರೋಟರ್ ಇನ್ನೂ ಬಾಕಿ ಇತ್ತು.
ಟ್ರ್ಯಾಕ್ಟರಿನವನು ಬ್ಯಾಟರಿಗೆ ಬಂದು ನಿಂತಿದ್ದ.
ಯಾರೂ ಕಾಲೆತ್ತು ಅನ್ನಲಿಲ್ಲ ನನಗೆ,
ನಾನೂ ಎತ್ತಿರಲಿಲ್ಲ.